ನಗುವ ಹುಡುಗಿ, ಹಸಿದ ಹುಡುಗ

ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದು, ಗಾಜಿನ ಪಟ್ಟಿಯ ಮೇಲೆ ನಾನೇ ಅಂಟಿಸಿದ್ದ ಚೀಟಿಯನ್ನು ಇನ್ನೊಮ್ಮೆ ಓದಿದೆ. ‘ಹುಣಸೂರು, ಹುಡುಗಿ.’ ಅದನ್ನು ತೆಗೆದು ಇನ್ನೊಂದು ಪಟ್ಟಿಯನ್ನಿಟ್ಟೆ. ‘ಪಿರಿಯಾಪಟ್ಟಣ, ಹುಡುಗ.’ ಎರಡರಲ್ಲೂ ಹದಿನೈದನೇ ವರ್ಣತಂತುವಿನ ಜೋಡಿಯಲ್ಲಿ ಒಂದು ಮುರಿದಿತ್ತು. ಅದರ ಮೇಲ್ಭಾಗ ಕಾಣೆಯಾಗಿತ್ತು. ಉಳಿದ ಭಾಗ ಬೇರೊಂದು ವರ್ಣತಂತುವಿನ ತುದಿಗೆ ಹೋಗಿ ಅಂಟಿಕೊಂಡಿತ್ತು. ಮುರಿದ ಜಾಗ, ಅಂಟಿಕೊಂಡ ಜಾಗ, ಎರಡೂ ಪಟ್ಟಿಗಳಲ್ಲಿ ಒಂದೇ.

ಬೇರೆ ಬೇರೆ ತಾಲ್ಲೂಕಿನ, ಪರಸ್ಪರ ಗೊತ್ತಿಲ್ಲದ ಇಬ್ಬರು ಮಕ್ಕಳು ಎಂದು ನಾನು ನಂಬಿದ್ದೆ. ಇಬ್ಬರ ಕಾಯಿಲೆಯೂ ಬೇರೆ. ಆ ಎರಡು ಕಾಯಿಲೆಗಳೂ ಹದಿನೈದನೇ ವರ್ಣತಂತುವಿನ ಅದೇ ಜಾಗಕ್ಕೆ ಸಂಬಂಧಪಟ್ಟವು ಎಂದು ನಾನು ಓದಿದ್ದೆ. ಆದರೆ ಮುರಿದ ಗೆರೆ ಕೂಡ ಹೀಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದಕ್ಕೊಂದು ಹೊಂದಬಾರದಿತ್ತು.

ತೊಂಬತ್ತರ ದಶಕದ ನಡುಭಾಗ ಅದು. ನಾನು ಕೆ.ಆರ್. ನಗರದವಳು. ಬೆಳಿಗ್ಗೆ ಮಗಳಿಗೆ ಜಡೆ ಹಾಕಿ ಶಾಲೆಗೆ ಕಳಿಸಿ, ರೈಲು ಹಿಡಿದು ಮೈಸೂರಿಗೆ ಹೋಗುತ್ತಿದ್ದೆ. ಅಲ್ಲಿ ತಳಿವಿಜ್ಞಾನದ ಒಂದು ಸಣ್ಣ ಪ್ರಯೋಗಾಲಯದಲ್ಲಿ ನನ್ನ ಸಂಶೋಧನೆ. ಎಪಿಜೆನೆಟಿಕ್ಸ್ ಎಂಬ ಪದವನ್ನು ನಮ್ಮ ಕಟ್ಟಡದಲ್ಲೇ ಎಷ್ಟೋ ಜನ ಆಗ ಕೇಳಿರಲಿಲ್ಲ. ಒಮ್ಮೆ ಅಮ್ಮ ಸೊಪ್ಪು ಬಿಡಿಸುತ್ತಾ ಕೇಳಿದ್ದಳು.

“ದಿನಾ ಮಕ್ಕಳ ರಕ್ತ ನೋಡ್ತೀಯಲ್ಲ, ಏನು ಕಾಣುತ್ತೆ ಅದ್ರಲ್ಲಿ?”

“ನಮ್ಮ ಮೈಯೊಳಗೆ ಒಂದು ಬರಹ ಇದೆ ಅಂದ್ಕೋ. ಅಪ್ಪನಿಂದ ಒಂದು ಪ್ರತಿ ಬರುತ್ತೆ, ಅಮ್ಮನಿಂದ ಒಂದು ಪ್ರತಿ. ಸಾಮಾನ್ಯವಾಗಿ ಮೈ ಎರಡನ್ನೂ ಓದುತ್ತೆ. ಕೆಲವು ಸಾಲುಗಳ ಮೇಲೆ ಮಾತ್ರ ‘ಇದನ್ನು ಓದಬೇಡ’ ಅಂತ ಒಂದು ಗುರುತು ಇರುತ್ತೆ. ಕೆಲವು ಕಡೆ ಅಪ್ಪನ ಪ್ರತಿ ಮೇಲೆ, ಕೆಲವು ಕಡೆ ಅಮ್ಮನ ಪ್ರತಿ ಮೇಲೆ. ಬರಹ ಬದಲಾಗಲ್ಲ, ಮೇಲಿನ ಗುರುತು ಮಾತ್ರ. ಆ ಗುರುತಿಗೂ ಮಿದುಳಿನ ಕಾಯಿಲೆಗೂ ಏನು ಸಂಬಂಧ ಅಂತ ನೋಡ್ತಿದೀನಿ.”

“ಗುರುತು ಹಾಕೋರು ಯಾರು?”

“ಮೈಯೇ ಹಾಕ್ಕೊಳ್ಳುತ್ತೆ.”

ಅಮ್ಮ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, “ಸರಿ, ಆ ಸಾರಿಗೆ ಉಪ್ಪು ಸಾಕಾ ನೋಡು” ಎಂದಿದ್ದಳು.

ಹುಡುಗಿಯನ್ನು ನಾನು ನೋಡಿದ್ದು ಹುಣಸೂರಿನ ಒಂದು ಶಾಲೆಯಲ್ಲಿ. ಬುದ್ಧಿ ಬೆಳೆಯದ ಮಕ್ಕಳ ತಪಾಸಣೆಗೆಂದು ಅಲ್ಲಿ ಶಿಬಿರ ನಡೆದಿತ್ತು. ಏಳೆಂಟು ವರ್ಷದ ಮಗಳನ್ನು ತಾಯಿ ಕಂಕುಳಲ್ಲಿ ಎತ್ತಿಕೊಂಡು ಬಂದಿದ್ದಳು. ಕೆಳಗಿಳಿಸಿದರೆ ಮಗು ಎರಡೂ ಕೈಯನ್ನು ಮೇಲೆತ್ತಿ, ದಾರದಲ್ಲಿ ಯಾರೋ ಎಳೆಯುತ್ತಿರುವಂತೆ ತಟತಟನೆ ಹೆಜ್ಜೆ ಇಡುತ್ತಿತ್ತು. ಒಂದು ಮಾತೂ ಬಾರದು. ಆದರೆ ನಗು, ಬಿಡುವಿಲ್ಲದ ನಗು. ಯಾರೋ ಚೊಂಬಿನಿಂದ ನೀರು ಬಗ್ಗಿಸಿದ್ದನ್ನು ಕಂಡು ಕೈ ತಟ್ಟಿ ಕುಣಿಯಿತು.

“ಇವ್ಳು ಅಳೋದೇ ಇಲ್ಲ ಕಣಮ್ಮ” ಎಂದಳು ತಾಯಿ. “ಬಿದ್ದು ಮಂಡಿ ತರ್ಚ್ಕಂಡ್ರೂ ನಗ್ತಾಳೆ. ಈಗ ನೀವು ಸೂಜಿ ಚುಚ್ಚಿ, ಅದ್ಕೂ ನಗ್ತಾಳೆ ನೋಡಿ.”

ಸೂಜಿ ಚುಚ್ಚಿದೆ. ಹುಡುಗಿ ನನ್ನ ಕಣ್ಣನ್ನೇ ನೋಡುತ್ತಾ ಕಿಲಕಿಲ ನಕ್ಕಳು. ಸಾಲಿನಲ್ಲಿ ನಿಂತಿದ್ದವರೂ ನಕ್ಕರು. ತಾಯಿ ನಗಲಿಲ್ಲ. ಊರು ಹನಗೋಡು ಎಂದಳು. ನಾನು ಬರೆದುಕೊಂಡೆ.

ಹುಡುಗ ಸಿಕ್ಕಿದ್ದು ಅದಾದ ಕೆಲವು ವಾರಕ್ಕೆ. ಪಿರಿಯಾಪಟ್ಟಣದ ಒಬ್ಬ ಪರಿಚಯದ ವೈದ್ಯರು ಹೇಳಿಕಳಿಸಿದ್ದರು. ಒಂಬತ್ತು ವರ್ಷದವನಿರಬೇಕು. ಬೆಂಚಿನ ಮೇಲೆ ತಾಯಿಯ ಪಕ್ಕ ಸುಮ್ಮನೆ ಕೂತಿದ್ದ. ಊದಿಕೊಂಡ ಮೈ, ಆ ಮೈಗೆ ಹೊಂದದ ಪುಟ್ಟ ಪುಟ್ಟ ಕೈ. ಮುಖದಲ್ಲಿ ನಗುವಿಲ್ಲ.

“ಉಟ್ಟಿದಾಗ ಹಾಲೇ ಎಳೀತಿರ್ಲಿಲ್ಲ ಕಣಮ್ಮ” ಎಂದು ಅವನ ತಾಯಿ ಶುರುಮಾಡಿದಳು. “ಮೈಯೆಲ್ಲ ಒದ್ದೆ ಬಟ್ಟೆ ಥರ ಜೋತು ಬೀಳ್ತಿತ್ತು. ಹಾಲಿಗೆ ಬತ್ತಿ ಅದ್ದಿ ಬಾಯಿಗಿಟ್ಟು ಉಳ್ಸ್ಕಂಡೆ. ನಡ್ಯಕ್ಕೆ ಶುರು ಮಾಡಿದ್ ಮ್ಯಾಲೆ ಇಡ್ಕಂತು ನೋಡಿ ಅಸಿವು. ಎಷ್ಟಿಕ್ಕಿದ್ರೂ ಸಾಲ್ದು. ಒಟ್ಟೆ ತುಂಬ್ತು ಅನ್ನೋದೇ ಇವ್ನಿಗೆ ಗೊತ್ತಾಗಕಿಲ್ಲ. ದನಿನ್ ಇಂಡಿ ಬುಡಲ್ಲ, ಅಸಿ ರಾಗಿ ಬುಡಲ್ಲ.”

ಹುಡುಗ ಅಲ್ಲಿಯವರೆಗೂ ಬಾಯಿ ಬಿಟ್ಟಿರಲಿಲ್ಲ. ಈಗ ನನ್ನ ಬ್ಯಾಗನ್ನು ನೋಡುತ್ತಾ, “ಅದ್ರಲ್ಲಿ ತಿನ್ನಕ್ಕೇನದೆ?” ಎಂದ.

ಇವರಿಬ್ಬರ ರಕ್ತವೇ ಆ ದಿನ ನನ್ನ ಮುಂದಿದ್ದದ್ದು. ನಮ್ಮ ಪ್ರೊಫೆಸರನ್ನು ಕರೆದೆ. ಅವರು ಬಗ್ಗಿ ನೋಡಿ, ಸಲೀಸಾಗಿ, “ಒಂದೇ ರಕ್ತವನ್ನ ಎರಡು ಬಾಟಲಿಗೆ ಹಾಕಿದ್ದೀಯ” ಎಂದರು.

“ಇಲ್ಲ ಸರ್, ಒಂದರಲ್ಲಿ ಎರಡು ಎಕ್ಸ್ ಇದೆ, ಇನ್ನೊಂದರಲ್ಲಿ ವೈ ಇದೆ. ಒಂದು ಹೆಣ್ಣು, ಒಂದು ಗಂಡು.”

ಅವರು ಮತ್ತೆ ಬಗ್ಗಿದರು. ಈ ಸಲ ಬಹಳ ಹೊತ್ತು ತಲೆಯೆತ್ತಲಿಲ್ಲ. ಎತ್ತಿದಾಗ ಅವರ ಮುಖ ಬೇರೆಯಾಗಿತ್ತು. “ಇವರು ಸಂಬಂಧಿಕರು” ಎಂದರು. “ಹೋಗು. ಹೋಗಿ ವಿಚಾರಿಸು.”

ಪಿರಿಯಾಪಟ್ಟಣದಲ್ಲಿ ಬಸ್ಸಿಳಿದು, ಇನ್ನೊಂದು ಬಸ್ಸು ಹತ್ತಿ ಆ ಹಳ್ಳಿ ತಲುಪಿದಾಗ ಮಟಮಟ ಮಧ್ಯಾಹ್ನ. ಹೊಗೆಸೊಪ್ಪಿನ ಕೆಲಸ ಮುಗಿದು, ಎಲೆ ಬೇಯಿಸುವ ಬ್ಯಾರನ್‌ಗಳೆಲ್ಲ ಖಾಲಿ ನಿಂತಿದ್ದ ಕಾಲ. ಹುಡುಗನ ಮನೆಯ ಅಂಗಳದಲ್ಲಿ ಅವನ ಅಜ್ಜಿ, ಅಂದರೆ ಅವನ ತಂದೆಯ ತಾಯಿ, ಮೊರದಲ್ಲಿ ಹುರುಳಿ ಕೇರುತ್ತಿದ್ದಳು. ಗಟ್ಟಿ ಮೈಯ, ಗಟ್ಟಿ ದನಿಯ ಹೆಂಗಸು. ಸೊಸೆ ಎಲ್ಲಿ ಎಂದು ಕೇಳಿದೆ.

“ಅವರಪ್ಪನ್ ಮನೆಗೆ ಓಗವ್ಳೆ.”

“ಹುಡುಗ?”

ಅವಳು ಮೊರ ಕೊಡವಿದಳು. ಆಗ ಹಿತ್ತಲಿನಿಂದ ದಬ್ ದಬ್ ಎಂಬ ಸದ್ದು ಕೇಳಿತು. ಬಾಗಿಲು ಬಡಿಯುವ ಸದ್ದು. ನಾನು ಆ ಕಡೆ ನಡೆದೆ. ಮನೆಗೆ ಸೇರಿದ ಬ್ಯಾರನ್ ಅಲ್ಲಿತ್ತು. ಎರಡಾಳೆತ್ತರದ ಗೋಡೆ, ಕಿಟಕಿಯಿಲ್ಲ, ಬಾಗಿಲಿಗೆ ಹೊರಗಿನಿಂದ ಬೀಗ.

“ಇದರೊಳಗಿದ್ದಾನಾ?” ಎಂದೆ.

ಅವಳು ಸೊಂಟದಿಂದ ಬೀಗದ ಕೈ ತೆಗೆದು ಬಾಗಿಲು ತೆರೆದಳು. ಹಳೆಯ ಹೊಗೆಯ ಘಾಟು ಮೂಗಿಗೆ ಬಡಿಯಿತು. ಹುಡುಗ ನೆಲದಲ್ಲಿ ಕಾಲು ಚಾಚಿ ಕೂತಿದ್ದ. ಎಲೆಗಳನ್ನು ಕಟ್ಟುವ ಸೆಣಬಿನ ದಾರದ ಉಂಡೆಯೊಂದು ಅವನ ಕೈಯಲ್ಲಿತ್ತು. ಅದರ ತುದಿ ಅವನ ಬಾಯಲ್ಲಿತ್ತು. ಜಗಿಯುತ್ತಿದ್ದ. ಬೆಳಕಿಗೆ ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿ, ದಾರ ಉಗುಳಿ, “ಊಟಕ್ಕಾ?” ಎಂದ.

ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಬೈಯಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅಜ್ಜಿಯೇ ಸಿಡಿದಳು.

“ನೋಡ್ಬೇಡ ಅಂಗೆ ನನ್ನ! ಪಕ್ಕದ್ ಮನೇಲಿ ಇಲಿಗೆ ಅಂತ ಪಾಷಾಣ ಸವರಿ ಇಟ್ಟಿದ್ ವಡೆ ಎತ್ಕಂಡ್ ಬಾಯಿಗಾಕ್ತಿದ್ದ. ಕಿತ್ಕಂಡು ಉಳ್ಸ್ದೆ. ಊರೋರೆಲ್ಲ ಕಳ್ಳ ಅಂತ ಒಡೀತಾರೆ. ಅವ್ಳು ಬುಟ್ಟೋದ್ಳು. ನಾನೊಬ್ಳು ಗೇಯಕ್ಕೋದಾಗ ಇವ್ನ ಯಾರ್ ಕಾಯ್ತಾರೆ? ಬೀಗ ಆಕ್ದೆ ಇನ್ನೇನ್ ಮಾಡ್ಲಿ, ನೀನೇ ಏಳು.”

ನಾನು ಹುಡುಗನ ಕೈ ಹಿಡಿದು ಹೊರಗೆ ಕರೆತಂದೆ.

ಹುಡುಗನ ತಂದೆ ಹೊಲದಿಂದ ಬಂದ. ಮಿತಭಾಷಿ, ಮೂವತ್ತರ ಆಸುಪಾಸಿನ ರೈತ. ಹೆಂಡತಿ ತಾನಾಗಿ ಹೋದದ್ದಲ್ಲ, ಇವರೇ ಕಳಿಸಿದ್ದು ಎಂದು ಅವನ ಮಾತಿನಿಂದ ತಿಳಿಯಿತು. ಕಾಯಿಲೆ ಅವಳ ಕಡೆಯಿಂದ ಬಂದದ್ದೆಂದು ತಾಯಿ ತೀರ್ಮಾನಿಸಿದ್ದಳು. ಎಚ್.ಡಿ. ಕೋಟೆ ಕಡೆ ಹಂಪಾಪುರದ ಹತ್ತಿರ ಅವನಿಗೆ ಇನ್ನೊಂದು ಹೆಣ್ಣು ನೋಡಿಯಾಗಿತ್ತು.

“ನಿಮ್ಮ ಹೆಂಡತಿಯ ತವರು ಯಾವುದು?”

“ಹನಗೋಡು, ಮೇಡಂ.”

“ಹನಗೋಡಿನಲ್ಲಿ ಒಂದು ಹುಡುಗಿ ಇದೆ. ಮಾತು ಬರಲ್ಲ, ಯಾವಾಗಲೂ ನಗುತ್ತೆ…”

“ನನ್ ತಂಗಿ ಮಗ್ಳು.”

ನಾನು ಜಗಲಿಯ ಮೇಲೆ ಕೂತೆ. ಅವನು ಬಿಡಿಸಿ ಹೇಳಿದ. ಅದು ಕೊಟ್ಟು ತಂದ ಸಂಬಂಧ. ಹನಗೋಡಿನ ಮನೆಯ ಹೆಣ್ಣನ್ನು ಇವನು ತಂದಿದ್ದ. ಇವನ ತಂಗಿಯನ್ನು ಆ ಹೆಣ್ಣಿನ ಅಣ್ಣನಿಗೆ ಕೊಟ್ಟಿದ್ದರು. ಒಂದೇ ಚಪ್ಪರದಡಿ ಎರಡು ಮದುವೆ. ಈಗ ಎರಡು ಮನೆಗೂ ಮಾತಿಲ್ಲ. ಇವರು ಅವಳನ್ನು ಬಿಟ್ಟರೆ ಅವರು ಇವನ ತಂಗಿಯನ್ನು ಬಿಡುತ್ತಾರೆ, ಅದೂ ಇವನಿಗೆ ಗೊತ್ತಿತ್ತು. ಆದರೂ ತಾಯಿಗೆ ಎದುರಾಡಿರಲಿಲ್ಲ.

ನಗುವ ಹುಡುಗಿಯ ಮಾತು ಬಂದಾಗ ಅವನ ತಾಯಿ ಮೊರ ಕೆಳಗಿಟ್ಟು ಒಳಗೆ ಹೋದದ್ದನ್ನು ನಾನು ಗಮನಿಸಿದೆ. ಅದರ ಅರ್ಥ ಆಗ ಹೊಳೆಯಲಿಲ್ಲ. ಮಗನ ರಕ್ತ ತೆಗೆದುಕೊಂಡ ಮೇಲೆ ಅವಳನ್ನೂ ಕೇಳಿದೆ.

“ನಂದ್ಯಾಕೆ? ನಂಗೇನಾಗದೆ? ಗುಂಡ್ಕಲ್ಲಂಗಿವ್ನಿ” ಎಂದಳು.

“ಇರಲಿ ಅಮ್ಮ, ಮೊಮ್ಮಗನಿಗೋಸ್ಕರ.”

ಸೆರಗು ಸರಿಸಿ, ಮುಖ ಅತ್ತ ತಿರುಗಿಸಿ ಕೈ ಚಾಚಿದಳು.

ಆ ಸಂಜೆ ಮನೆಯಲ್ಲಿ ಮಗಳು ಇನ್ನೊಂದು ತುಂಡು ಒಬ್ಬಟ್ಟು ಕೇಳಿದಾಗ ನಾನು ತಟ್ಟೆಯ ಮುಂದಿನಿಂದ ಎದ್ದು ಹೋದೆ.

ಹನಗೋಡಿಗೂ ಹೋದೆ. ಅಲ್ಲಿ ಇಬ್ಬರು ನಾದಿನಿಯರೂ ಒಂದೇ ಮನೆಯಲ್ಲಿದ್ದರು. ಗಂಡನ ಮನೆಯಲ್ಲಿ ಬಾಳುತ್ತಿದ್ದ ನಗುವ ಹುಡುಗಿಯ ತಾಯಿ, ತವರಿಗೆ ಬಂದು ಬಿದ್ದಿದ್ದ ಹುಡುಗನ ತಾಯಿ. ಹುಡುಗನ ತಾಯಿ ನನ್ನನ್ನು ಕಂಡಕೂಡಲೇ, “ನನ್ ಮಗ ಎಂಗವ್ನೆ? ಒಟ್ಟೆಗಿಕ್ತಾವ್ರಾ?” ಎಂದಳು. ಬ್ಯಾರನ್ನಿನ ವಿಷಯ ನಾಲಗೆಯ ತುದಿಗೆ ಬಂದು ನಿಂತಿತು. “ಇದ್ದಾನೆ” ಎಂದಷ್ಟೇ ಹೇಳಿದೆ. ಇಬ್ಬರ ರಕ್ತವನ್ನೂ ತೆಗೆದುಕೊಂಡು ಬಂದೆ.

ಮುಂದಿನ ತಿಂಗಳುಗಳು ಪ್ರಯೋಗಾಲಯದಲ್ಲೇ ಕಳೆದವು. ಹುಡುಗನ ತಾಯಿಯ ವರ್ಣತಂತುಗಳಲ್ಲಿ ಒಂದು ಕುಂದೂ ಇರಲಿಲ್ಲ. ಅವನ ತಂದೆಯಲ್ಲಿ ಮುರಿದ ತುಂಡು ಕಂಡಿತು. ನಗುವ ಹುಡುಗಿಯ ತಾಯಿಯಲ್ಲೂ ಕಂಡಿತು. ಅವರಿಬ್ಬರಲ್ಲಿ ತುಂಡು ಜಾಗ ಬದಲಿಸಿತ್ತೇ ಹೊರತು ಕಳೆದುಹೋಗಿರಲಿಲ್ಲ, ಹಾಗಾಗಿ ಅವರು ಆರೋಗ್ಯವಾಗಿದ್ದರು. ಮಕ್ಕಳಿಗೆ ಹಂಚುವಾಗ ಮಾತ್ರ ಅದು ತಪ್ಪಿಹೋಗಿತ್ತು. ಅಣ್ಣತಂಗಿಗೆ ಅದು ಬಂದದ್ದು ತಾಯಿಯಿಂದ. ಸೊಸೆಯನ್ನು ಹೊರಹಾಕಿದ ಆ ಗಟ್ಟಿ ದನಿಯ ಹೆಂಗಸಿನಿಂದ.

ಇನ್ನೊಂದು ಪರೀಕ್ಷೆ ಗುರುತುಗಳದ್ದು. ಅದರ ಫಲಿತಾಂಶದ ಫಿಲ್ಮನ್ನು ನಮ್ಮ ಪ್ರೊಫೆಸರರೂ ನಾನೂ ಬೆಳಕಿಗೆ ಹಿಡಿದು ನೋಡಿದೆವು. ಹುಡುಗಿಯಲ್ಲಿ ತಂದೆಯ ಗುರುತು ಮಾತ್ರವಿತ್ತು, ತಾಯಿಯದಿರಲಿಲ್ಲ. ಹುಡುಗನಲ್ಲಿ ತಾಯಿಯದು ಮಾತ್ರ, ತಂದೆಯದಿರಲಿಲ್ಲ. ಆ ಚಿಕ್ಕ ತುಂಡಿನೊಳಗೆ ತಂದೆಯ ಪ್ರತಿ ಮಾತ್ರ ಮಾಡುವ ಕೆಲಸಗಳಿವೆ, ತಾಯಿಯ ಪ್ರತಿ ಮಾತ್ರ ಮಾಡುವ ಕೆಲಸವಿದೆ. ತಾಯಿಯದು ಕಳೆದರೆ ಮಾತು ಹೋಗುತ್ತದೆ, ನಗು ಉಳಿಯುತ್ತದೆ. ತಂದೆಯದು ಕಳೆದರೆ ಹಸಿವು ಆರುವುದೇ ಇಲ್ಲ. ಪುಸ್ತಕದಲ್ಲಿ ಓದಿದ್ದೆ. ಆದರೆ ಒಬ್ಬಳೇ ಅಜ್ಜಿಯ ಮೈಯಿಂದ ಹೊರಟ ಒಂದೇ ತುಂಡು, ಮಗನ ಮೈ ಹೊಕ್ಕಾಗ ತಾಯಿಯ ಗುರುತನ್ನು ಅಳಿಸಿಕೊಂಡು ತಂದೆಯ ಗುರುತು ಪಡೆದು, ಮಗಳ ಮೈಯಲ್ಲಿ ತಾಯಿಯ ಗುರುತನ್ನೇ ಮತ್ತೆ ಬರೆಸಿಕೊಂಡು, ಎರಡು ಮನೆಯಲ್ಲಿ ಎರಡು ಬೇರೆ ಕಾಯಿಲೆಯಾಗಿ ಎದ್ದದ್ದನ್ನು ಕಣ್ಣಾರೆ ಕಂಡದ್ದು ಅದೇ ಮೊದಲು.

“ಯಾರಿಗೆ ಏನು ಹೇಳ್ತೀಯ?” ಎಂದರು ಪ್ರೊಫೆಸರು.

ಅದನ್ನೇ ನಾನೂ ಯೋಚಿಸುತ್ತಿದ್ದೆ. ನಿಜ ಹೇಳಿದರೆ ಪಿರಿಯಾಪಟ್ಟಣದ ಸೊಸೆ ಗೆಲ್ಲುತ್ತಾಳೆ, ಹನಗೋಡಿನ ಸೊಸೆ ಸೋಲುತ್ತಾಳೆ.

“ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ಹೇಳು” ಎಂದರು. “ಅವರವರ ರಕ್ತದ ವಿಷಯ ಅವರವರಿಗೆ. ಮುಂದಿನದು ಅವರಿಗೆ ಬಿಟ್ಟದ್ದು.”

ಮೊದಲು ಹುಡುಗನ ತಂದೆಗೆ ಹೇಳಿದೆ. ಅವರ ಮನೆಯ ಜಗಲಿಯಲ್ಲೇ ಕೂತಿದ್ದೆವು. ತಾಯಿ ಹೊಲಕ್ಕೆ ಹೋಗಿದ್ದಾಳೆ ಎಂದಿದ್ದ. ಅವನು ಕೇಳಿಸಿಕೊಂಡು ತನ್ನ ಎರಡು ಅಂಗೈಯನ್ನೂ ನೋಡಿಕೊಂಡ.

“ನಂದಾ?” ಎಂದ. “ಅವ್ಳದಲ್ವಾ?”

“ಅವಳಲ್ಲಿ ಏನೂ ಇಲ್ಲ. ನಿಮ್ಮ ತಪ್ಪೂ ಅಲ್ಲ. ಇದು ಯಾರೂ ಬೇಕಂತ ಮಾಡಿದ್ದಲ್ಲ.”

ಆಮೇಲೆ ಅವನು ಹೇಳಿದ ಮಾತಿಗೆ ನಾನು ಬೆಚ್ಚಿಬಿದ್ದೆ.

“ಮೇಡಂ, ಅವ್ಳದೇ ಅಂತ ಏಳ್ಬುಡಿ.”

“ಏನು?”

“ನಂದು ಅಂದ್ರೆ ನನ್ ತಂಗೀದೂ ಅಂತ ಆಯ್ತದೆ. ನಾಳೆಗೇ ಅವ್ಳನ್ನ ಮಗೀನ್ ಸಮೇತ ತಂದ್ ಬುಟ್ಟೋಯ್ತಾರೆ. ಅವ್ಳು ಮಾತ್ ಬರ್ದಿರೋ ಮಗೀನ ಕಟ್ಕಂಡು ಎಲ್ ಬದುಕ್ತಾಳೆ? ನನ್ ಎಂಡ್ರಿಗಾದ್ರೆ ಅವರಣ್ಣ ಅವ್ನೆ, ಅವ್ವ ಅವ್ಳೆ.” ಅವನ ಕಣ್ಣು ತುಂಬಿತ್ತು. “ಒಂದ್ ಸುಳ್ಳು, ಮೇಡಂ. ನಿಮಗೇನೂ ಖರ್ಚಿಲ್ವಲ್ಲ.”

ಅವನ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಸುಳ್ಳು ಹೇಳಲಾರೆ ಎಂದೆ.

“ಯಾವ್ ಸುಳ್ಳು?”

ಬಾಗಿಲಲ್ಲಿ ಅವನ ತಾಯಿ ನಿಂತಿದ್ದಳು. ಹೊಲಕ್ಕೆ ಹೋದವಳು ಹಿತ್ತಲ ಕಡೆಯಿಂದ ಬಂದು ಎಷ್ಟು ಹೊತ್ತಾಗಿತ್ತೋ. ತಲೆಯ ಮೇಲೆ ಹುಲ್ಲಿನ ಹೊರೆ ಹಾಗೇ ಇತ್ತು.

ನಾನು ಅವಳನ್ನು ಕೂರಿಸಿ, ಅವಳ ರಕ್ತದಲ್ಲಿ ಕಂಡದ್ದನ್ನು ಆದಷ್ಟು ಮೆತ್ತಗೆ ಹೇಳಿದೆ. ಮಗಳಲ್ಲಿರುವುದೂ ಅದೇ, ಮಗನಲ್ಲಿರುವುದೂ ಅದೇ ಎಂದೆ. ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಅವಳು ಒಂದೇ ಪ್ರಶ್ನೆ ಕೇಳಿದಳು.

“ನಗೋದೂ, ತಿನ್ನೋದೂ ಎರಡೂ ಒಂದೇನಾ?”

“ಒಂದೇ ಅಮ್ಮ. ಹೆಣ್ಣಿನಿಂದ ಬಂದರೆ ಹಾಗೆ, ಗಂಡಿನಿಂದ ಬಂದರೆ ಹೀಗೆ.”

“ಒಂದೇನಾ?” ಎಂದಳು ಮತ್ತೆ. ಮಗನ ಕಡೆ ತಿರುಗಿದಳು. “ನಿಂಗಿಂತ ಮುಂಚೆ ಒಂದೆಣ್ಣಿತ್ತು ಕಣೋ.”

ಮಗ ತಲೆಯೆತ್ತಿದ.

“ಅದೂ ನಗ್ತಿತ್ತು. ಅಂಗೇ, ನಿನ್ ತಂಗಿ ಮಗ್ಳಂಗೇ. ಕೈ ಮ್ಯಾಕೆತ್ಕಂಡ್ ನಡೀತಿತ್ತು. ನೀರ್ ಕಂಡ್ರೆ ಪ್ರಾಣ. ನಾನು ಪೈರ್ ನಾಟಿ ಆಕ್ತಾ ಬಗ್ಗಿದ್ದೆ. ಎದ್ ನೋಡ್ತೀನಿ, ಇಲ್ಲ. ಕೆರೇಲಿ ಸಿಕ್ತು.” ಅವಳು ಸೆರಗಿನಿಂದ ಬಾಯಿ ಒತ್ತಿಕೊಂಡಳು. “ಆಮ್ಯಾಕೆ ಬಸುರಾದ್ದೂ ನಿಲ್ತಿರ್ಲಿಲ್ಲ. ಇನ್ನೊಬ್ಳನ್ನ ತತ್ತೀನಿ ಅಂತ ನಿಮ್ಮಪ್ಪ ಎಣ್ಣು ನೋಡ್ಕಂಡ್ ಬಂದಿದ್ದ. ಅಷ್ಟೊತ್ಗೆ ನೀನು ಉಟ್ದೆ. ನನ್ನ ಇಟ್ಕಂಡ್ರು. ಆ ಮಗೀನ ಮಾತು ಯಾರೂ ಎತ್ಲಿಲ್ಲ, ನಾನೂ ಎತ್ಲಿಲ್ಲ.”

“ಅವ್ವ…” ಎಂದ ಮಗ.

“ನಿನ್ ತಂಗಿ ಮಗಳನ್ನ ನೋಡ್ದಾಗ್ಲೇ ಗೊತ್ತಾಯ್ತು, ಇದು ನಂದೇ ಅಂತ. ಬಾಯ್ಮುಚ್ಕಂಡಿದ್ದೆ. ಇವ್ನು ನಗಲ್ಲ ಕಣೋ, ಇವ್ನು ತಿಂತಾನೆ! ಇದು ನನ್ ಕಡೇದಲ್ಲ, ಇದು ಅವ್ಳು ತಂದಿದ್ದು ಅಂತ್ಲೇ ನಂಬಿದ್ದೆ. ದೇವ್ರಾಣೆ ನಂಬಿದ್ದೆ.”

ನಮ್ಮ ಪ್ರಯೋಗಾಲಯದಲ್ಲಿ ತಿಂಗಳುಗಟ್ಟಲೆ ಹುಡುಕಿದ ಸಂಗತಿಯ ಒಂದು ಅರ್ಧ ಈ ಮನೆಯೊಳಗೆ ವರ್ಷಾನುಗಟ್ಟಲೆ ಬಾಯಿ ಹೊಲಿದುಕೊಂಡು ಕೂತಿತ್ತು. ಇನ್ನರ್ಧ ಗೊತ್ತಿಲ್ಲದೆ ಒಬ್ಬ ಸೊಸೆ ಮನೆ ಬಿಟ್ಟಿದ್ದಳು.

ಮಾರನೆಯ ದಿನ ಅವಳು ಹನಗೋಡಿಗೆ ಹೊರಟಳು. ನನ್ನನ್ನೂ ಬರಹೇಳಿದಳು. ಮಗ ತಡೆದ. “ನೀನು ಓದ್ರೆ ತಂಗಿ ಬಾಳು ಆಳಾಯ್ತದೆ” ಎಂದ. ಅವಳು ಕೇಳಲಿಲ್ಲ. ಮೊಮ್ಮಗನ ಕೈ ಹಿಡಿದು ಬಸ್ಸು ಹತ್ತಿಸಿದಳು. ಹುಣಸೂರಿನಲ್ಲಿ ಬಸ್ಸು ಬದಲಿಸುವಾಗ ಹುಡುಗ ಬಾಳೆಹಣ್ಣಿನ ಗಾಡಿಯ ಮುಂದೆ ಕೂತುಬಿಟ್ಟ. ಅವಳು ಅವನನ್ನು ಗದರಲಿಲ್ಲ. ಪಕ್ಕದಲ್ಲಿ ತಾನೂ ಕುಕ್ಕರಗಾಲಲ್ಲಿ ಕೂತು, ಒಂದು ಹಣ್ಣು ಕೊಡಿಸಿ, ಸುಲಿದು ಚೂರು ಚೂರಾಗಿ ಮುರಿದು ಕೊಟ್ಟು, ಮುಗಿಯುವವರೆಗೂ ಕಾದಳು. ಬಸ್ಸು ತಪ್ಪಿತು. ಮುಂದಿನದಕ್ಕೆ ಹೋದೆವು.

ಹನಗೋಡಿನ ಮನೆಯಲ್ಲಿ ಎಲ್ಲರೂ ಇದ್ದರು. ನಗುವ ಹುಡುಗಿಯ ತಂದೆ, ಅವನ ತಾಯಿ, ಇಬ್ಬರು ನಾದಿನಿಯರು. ಹುಡುಗನ ತಾಯಿ ಮಗನನ್ನು ಕಂಡು ಓಡಿಬಂದು ತಬ್ಬಿಕೊಂಡಳು. ಅವನು ಅವಳ ಸೆರಗಿನ ಗಂಟನ್ನು ಬಿಚ್ಚಿ ಏನಾದರೂ ಇದೆಯೇ ಎಂದು ಹುಡುಕಿದ.

ಪಿರಿಯಾಪಟ್ಟಣದ ಅತ್ತೆ ಅಂಗಳದ ನಡುವೆ ನಿಂತೇ ಮಾತಾಡಿದಳು. ಕೂರಲಿಲ್ಲ, ನೀರು ಮುಟ್ಟಲಿಲ್ಲ.

“ಬೀಗ್ತಿ, ಎರಡೂ ನನ್ನಿಂದ ಬಂದಿರೋದು. ಈ ನಗೋದೂ ನಂದೇ, ಆ ತಿನ್ನೋದೂ ನಂದೇ. ನಿನ್ ಮಗ್ಳಲ್ಲಿ ಏನಿಲ್ಲ, ಡಾಕ್ಟ್ರಮ್ಮ ರಕ್ತ ನೋಡವ್ರೆ. ನಂಗೆ ಮುಂಚೆ ಇಂತಾದೇ ಒಂದೆಣ್ಣಿತ್ತು, ಸತ್ತೋಯ್ತು. ಅದ್ನ ಮುಚ್ಚಿಟ್ಟು ನಿಮ್ಮನೆಗೆ ಎಣ್ ಕೊಟ್ಟೆ. ಬೈಯಂಗಿದ್ರೆ ನನ್ನ ಬೈಯಿ. ನನ್ ಮಗಳನ್ನ ಏನೂ ಅನ್ಬೇಡ, ಅವ್ಳಿಗೆ ಏನೂ ತಿಳೀದು.”

ಬೀಗಿತ್ತಿ ಬೈದಳು. ಬಾಯಿಗೆ ಬಂದಂತೆ ಬೈದಳು. ಮೋಸ ಎಂದಳು, ಮನೆಹಾಳಿ ಎಂದಳು, ಈಗಲೇ ನಿನ್ನ ಮಗಳನ್ನು ಕರೆದುಕೊಂಡು ನಡಿ ಎಂದಳು. ಅತ್ತೆ ತಲೆತಗ್ಗಿಸಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. ಅಷ್ಟು ಹೊತ್ತೂ ನಗುವ ಹುಡುಗಿ ಅವಳ ಸುತ್ತ ತಟತಟ ನಡೆಯುತ್ತಾ, ಕೈ ತಟ್ಟುತ್ತಾ, ನಗುತ್ತಿತ್ತು.

ಕೊನೆಗೆ ಹುಡುಗಿಯ ತಂದೆ ಎದ್ದು ಬಂದ. ಮಗಳನ್ನು ಎತ್ತಿ ಭುಜದ ಮೇಲೆ ಕೂರಿಸಿಕೊಂಡ.

“ಸಾಕ್ ಬುಡವ್ವ” ಎಂದ ತನ್ನ ತಾಯಿಗೆ. “ಇವ್ಳನ್ನ ಇಷ್ಟೊರ್ಸ ಎತ್ ಆಡ್ಸಿವ್ನಿ. ಎಲ್ಲಿಂದ ಬಂತು ಅಂತ ಈಗ್ ಗೊತ್ತಾದ್ರೆ ವಾಪಸ್ ಕೊಟ್ಬುಡ್ಲಾ? ಇವ್ಳೂ ಎಲ್ಲೂ ಓಗಕಿಲ್ಲ, ಇವ್ಳವ್ವನೂ ಎಲ್ಲೂ ಓಗಕಿಲ್ಲ.”

ಅವನ ಹೆಂಡತಿ ಕಂಬಕ್ಕೊರಗಿ ನೆಲಕ್ಕೆ ಕುಸಿದು ಅತ್ತಳು.

ಅತ್ತೆ ಆಮೇಲೆ ಸೊಸೆಯ ಮುಂದೆ ನಿಂತಳು. “ಬಾರವ್ವ ಮನೆಗೆ” ಎಂದಳು. ಸೊಸೆ ಮಗನ ತಲೆ ಸವರುತ್ತಾ, ಅತ್ತೆಯ ಮುಖ ನೋಡದೆ, “ಇವ್ನ ಎಲ್ ಕೂಡಾಕ್ತಿದ್ರಿ?” ಎಂದಳು. ಯಾರೋ ಅವಳಿಗೆ ಆಗಲೇ ಹೇಳಿದ್ದರು.

“ಬ್ಯಾರನ್ನಲ್ಲಿ.”

ಸೊಸೆ ಅಂದು ಹೋಗಲಿಲ್ಲ. ಮಗನನ್ನು ಮಾತ್ರ ತನ್ನ ಬಳಿಯೇ ಇಟ್ಟುಕೊಂಡಳು. ಅತ್ತೆ ಬರಿಗೈಯಲ್ಲಿ ಹಿಂದಿರುಗಿದಳು. ಹಂಪಾಪುರದ ಹೆಣ್ಣಿನ ಮಾತು ಅಲ್ಲಿಗೇ ನಿಂತಿತು. ಗಂಡನೇ ಎರಡು ಮೂರು ಸಲ ಹೋಗಿ ಕರೆದ ಮೇಲೆ, ಮುಂದಿನ ಮಳೆಗಾಲಕ್ಕೆ ಅವಳು ಪಿರಿಯಾಪಟ್ಟಣದ ಆ ಮನೆಗೆ ಮರಳಿದಳು. ಅಡುಗೆಮನೆಗೆ ಗಟ್ಟಿ ಬಾಗಿಲು ಹಾಕಿಸಿದಳು. ಬೀಗ ಅನ್ನಕ್ಕೆ ಇರಲಿ, ಮಗನಿಗೆ ಬೇಡ ಎಂದಳಂತೆ. ಹೊತ್ತು ಹೊತ್ತಿಗೆ ಅಳೆದು ಬಡಿಸುವುದನ್ನು ನಾನು ಕಲಿಸಿಕೊಟ್ಟೆ. ಹುಡುಗ ಬಾಗಿಲ ಮುಂದೆ ಕೂತು ಬೇಡುತ್ತಿದ್ದ. ಅಜ್ಜಿ ಪಕ್ಕದಲ್ಲಿ ಕೂತು ಮಾತಾಡಿಸುತ್ತಾ ಹೊತ್ತು ಕಳೆಸುತ್ತಿದ್ದಳು.

ಕೆಲವು ವರ್ಷಕ್ಕೆ ಸೊಸೆ ಮತ್ತೆ ಬಸುರಾದಳು. ಈ ಸಲ ಗಂಡಹೆಂಡತಿ ತಾವಾಗಿಯೇ ಮೈಸೂರಿಗೆ ಬಂದರು. ಗಂಡೋ ಹೆಣ್ಣೋ ಎಂದು ಹೇಳುವಂತಿಲ್ಲ, ಕೇಳಬೇಡಿ ಎಂದು ಮೊದಲೇ ತಿಳಿಸಿದ್ದೆ. ಅವರು ಕೇಳಲೂ ಇಲ್ಲ. ಗರ್ಭಜಲದ ಪರೀಕ್ಷೆಯ ಪಟ್ಟಿಯನ್ನು ನೋಡುವಾಗ ನಾನು ಕುರ್ಚಿಯಲ್ಲಿ ಕೂರಲಾಗದೆ ನಿಂತೇ ಬಗ್ಗಿದ್ದೆ. ತುಂಡು ಜಾಗ ಬದಲಿಸಿತ್ತು. ಕಳೆದುಹೋಗಿರಲಿಲ್ಲ. ಅಪ್ಪನ ಹಾಗೆ, ಅಜ್ಜಿಯ ಹಾಗೆ. ಮಗು ಚೆನ್ನಾಗಿರುತ್ತದೆ, ಮುಂದೆ ಅದಕ್ಕೆ ಮಕ್ಕಳಾಗುವಾಗ ಈ ಪ್ರಶ್ನೆ ಮತ್ತೆ ಬರುತ್ತದೆ ಎಂದು ಹೇಳಿದೆ. ಹೆಣ್ಣು ಮಗು ಹುಟ್ಟಿತು.

ಹುಡುಗ ಹದಿಹರೆಯ ದಾಟಲಿಲ್ಲ. ಉಸಿರಾಟದ ತೊಂದರೆಯಾಗಿ ತೀರಿಕೊಂಡ. ಸುದ್ದಿ ತಿಳಿದು ಹೋದಾಗ ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿತ್ತು. ಹನಗೋಡಿನವರೂ ಬಂದಿದ್ದರು. ಎತ್ತರಕ್ಕೆ ಬೆಳೆದಿದ್ದ ನಗುವ ಹುಡುಗಿ ಅಷ್ಟು ಜನರ ಅಳುವಿನ ನಡುವೆ ಅಪ್ಪನ ಕೈ ಹಿಡಿದು ನಗುತ್ತಿದ್ದಳು. ಯಾರೂ ಅವಳನ್ನು ಆಚೆ ಕಳಿಸಲಿಲ್ಲ. ಅಜ್ಜಿ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದಳು. ನಾನು ಹತ್ತಿರ ಹೋದರೆ, “ಅಸ್ಕಂಡೇ ಓದ ಕಣವ್ವ” ಎಂದಳು.

ಹೊರಡುವಾಗ ಸೊಸೆ ಬಸ್ ನಿಲ್ದಾಣದವರೆಗೂ ಬಂದಳು. ನಾಲ್ಕು ವರ್ಷದ ಮಗಳು ಅವಳ ಬೆರಳು ಹಿಡಿದು, ದಾರಿಯುದ್ದಕ್ಕೂ ಏನೇನೋ ಮಾತಾಡುತ್ತಾ ಬಂತು. ಆ ಮಗುವಿನ ಮೈಯೊಳಗಿನ ಆ ತುಂಡಿನ ಮೇಲೆ ಅದರ ಅಂಡಗಳಲ್ಲಿ ಒಂದು ದಿನ ತಾಯಿಯ ಗುರುತು ಬೀಳುತ್ತದೆ ಎಂದು ನಾನು ಯೋಚಿಸುತ್ತಿದ್ದೆ. ಮುಂದೆ ನಗುವ ಮಗು ಹುಟ್ಟಬಹುದು, ಹುಟ್ಟದಿರಬಹುದು. ನನ್ನ ಮುಖದಲ್ಲಿ ಅದು ಅವಳಿಗೆ ಕಂಡಿರಬೇಕು.

“ಇವ್ಳಿಗೆ ಬುದ್ಧಿ ಬಂದ್ಮ್ಯಾಲೆ ನಾನೇ ಏಳ್ತೀನಿ ಬುಡಿ” ಎಂದಳು. “ಗಂಡಿನ್ ಕಡೆಯೋರ್ಗೂ ಮದುವೆಗ್ ಮುಂಚೇನೇ ಏಳ್ತೀನಿ. ಒಪ್ಪೋರು ಒಪ್ಲಿ.”

ಬಸ್ಸು ಬಂತು. ನಾನು ಹತ್ತಿ ಕೂತೆ. ಅವಳು ಮಗಳನ್ನು ಕಂಕುಳಿಗೆ ಏರಿಸಿಕೊಂಡು, ಬಿಸಿಲಿಗೆ ಅದರ ತಲೆಯ ಮೇಲೆ ಸೆರಗು ಹೊದಿಸಿ, ಸಾವಿನ ಮನೆಯತ್ತ ಹಿಂದಿರುಗಿದಳು.